ಮಗ್ಗದ ಗುಳಿಯಲ್ಲಿ ಯಾರೋ ಇದ್ದಾರೆ

ಕೊಳ್ಳೇಗಾಲ
೧೯೫೩, ಜುಲೈ ೭, ಮಂಗಳವಾರ

ಯಳಂದೂರಿನ ತವರಿನಿಂದ ಗುರುಸ್ವಾಮಣ್ಣ ಬಂದಿದ್ದ. ಜಗುಲಿಯಲ್ಲಿ ಕೂತು ನೀರು ಕುಡಿದವನೇ ಮಾತು ತೆಗೆದ. "ಮಾದೇವಿ, ಭಾವ ಹೋಗಿ ಮೂರು ತಿಂಗಳಾಯ್ತು. ಈ ಮನೇಲಿ ಇನ್ನು ನಿಂಗೇನದೆ? ಆಷಾಢ ಕಳೀಲಿ, ಶ್ರಾವಣದಲ್ಲಿ ಬಂದು ಕರ್ಕೊಂಡೋಯ್ತೀನಿ."

ಆಗಲಿ ಅಂದೆ. ಅವನ ಮಾತಿನಲ್ಲಿ ತಪ್ಪೇನಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಒಂದೂ ಇಲ್ಲ. ಮನೆಯಲ್ಲಿ ಉಳಿದಿರುವವರು ಇಬ್ಬರು. ಕಣ್ಣು ಮಂಜಾದ ಅತ್ತೆ ಕೆಂಪಾಜಮ್ಮ, ಮತ್ತು ಯಜಮಾನರ ಮೊದಲ ಹೆಂಡತಿಯ ಮಗ ಚೌಡೇಶ. ಅವನಿಗೆ ಹದಿನಾರು. ನಾನು ಈ ಮನೆಗೆ ಬಂದಾಗ ಹತ್ತು ವರ್ಷದವನು. ಎದುರಿಗೆ ಬಂದರೆ ಗೋಡೆ ಕಡೆ ಸರಿದು ದಾರಿ ಬಿಡುತ್ತಿದ್ದ. ಈಗಲೂ ಹಾಗೇ. ಬೇಕಾದಾಗ ಮಾತ್ರ ಚಿಕ್ಕವ್ವ ಅನ್ನುತ್ತಾನೆ, ಬೇಡವಾದಾಗ ಏನೂ ಅನ್ನುವುದಿಲ್ಲ.

ಅಣ್ಣ ಹೋದ ಮೇಲೆ ಅತ್ತೆ ಕೇಳಿದರು, "ಏನಂದ ನಿಮ್ಮಣ್ಣ?" ಮಳೆ ಬಂದಿಲ್ಲ ಅಂದ ಅಂತ ಹೇಳಿದೆ. ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ, ಅದಕ್ಕೇ ಬರೆಯುತ್ತಿದ್ದೇನೆ. ಶ್ರಾವಣದವರೆಗೆ ತಾನೆ.

ಜುಲೈ ೧೬, ಗುರುವಾರ

ಪಕ್ಕದ ಮನೆಯ ಪುಟ್ಟಸಿದ್ದಯ್ಯನವರು ಸೀರೆ ವಾಪಸು ತಂದರು. ನಮಗೆ ರೇಷ್ಮೆ ಕೊಟ್ಟು ನೇಯಿಸುವವರು ಅವರೇ. ಬಾಗಿಲಲ್ಲಿ ನಿಂತು ಸೆರಗು ಬಿಡಿಸಿ ತೋರಿಸಿದರು. "ಅಂಚು ನೋಡವ್ವ, ಹಾವು ಓದಂಗೆ ಓಗ್ಯದೆ. ಇದು ನಿಮ್ಮ ಮನೆ ಕೆಲ್ಸ ಅಂತ ಯಾರಿಗೆ ತೋರುಸ್ಲಿ?"

ನಾಚಿಕೆಯಾಯಿತು. ಯಜಮಾನರ ಮಗನ ಕೈ ಕೆಟ್ಟದ್ದಲ್ಲ. ಹನ್ನೆರಡನೇ ವರ್ಷಕ್ಕೇ ಜರಿ ಅಂಚು ಕೂರಿಸುತ್ತಿದ್ದವನು. ಈಗ ಹೊತ್ತೇರಿದ ಮೇಲೆ ಏಳುತ್ತಾನೆ, ಕಣ್ಣು ಕೆಂಡದ ಹಾಗಿರುತ್ತದೆ. ಒಂದು ದಿನ ಮುದ್ದೆ ಮೇಲೆ ಮುದ್ದೆ ನುಂಗುತ್ತಾನೆ, ಮಾರನೇ ದಿನ ತಟ್ಟೆ ಮುಟ್ಟುವುದಿಲ್ಲ. ನಿನ್ನೆ ಒಲೆಯ ಬೆಂಕಿ ನೋಡಿಕೊಂಡು ಒಬ್ಬನೇ ನಗುತ್ತಿದ್ದ.

ಒಗೆಯಲು ತೆಗೆದ ಅವನ ಅಂಗಿಯನ್ನು ಅತ್ತೆ ಮೂಗಿಗೆ ಹಿಡಿದರು. "ಸೊಪ್ಪು ಕಣೆ ಇದು. ಭಂಗಿ ಸೊಪ್ಪು. ಬಿಳಿಗಿರಿರಂಗನ ಬೆಟ್ಟಕ್ಕೋಗೊ ಬೈರಾಗಿಗಳು ನಮ್ಮ ಜಗುಲೀಲಿ ಚಿಲುಮೆ ಎಳೀತಿದ್ರು. ಅದೇ ವಾಸ್ನೆ."

ಸರ್ಕಾರದವರು ಹೆಂಡ ಸಾರಾಯಿ ಅಂಗಡಿ ಮುಚ್ಚಿಸಿದ್ದಾರೆ, ನಮ್ಮ ಬೀದಿ ಹುಡುಗರು ಇನ್ನು ಕೆಡುವುದಿಲ್ಲ ಅಂತ ಯಜಮಾನರು ಹೇಳುತ್ತಿದ್ದರು.

ಜುಲೈ ೨೨, ಬುಧವಾರ

ಕೇಳಿಯೇಬಿಟ್ಟೆ. ಸುಳ್ಳು ಹೇಳುತ್ತಾನೆ ಅಂದುಕೊಂಡಿದ್ದೆ. ಹೇಳಲಿಲ್ಲ.

"ನಿದ್ದೆ ಬರಕಿಲ್ಲ ಚಿಕ್ಕವ್ವ. ಕಣ್ಮುಚ್ಚುದ್ರೆ ತಲೆ ಒಳ್ಗೆ ಮಗ್ಗ ಓಡ್ತಾನೇ ಇರ್ತದೆ. ಅದ ಎಳುದ್ರೆ ನಿಂತೋಯ್ತದೆ."

ಕೊಟ್ಟವನು ರಂಗನಾಯಕನಂತೆ, ರೇಷ್ಮೆಗೂಡಿನ ಗಾಡಿ ಹೊಡೆಯುವವನು. ಬೀದಿಯವರು ಏನಂತಾರೆ, ಸತ್ತ ಅಪ್ಪನ ಹೆಸರು ಏನಾಗಬೇಕು ಅಂತ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಎದ್ದು ಹೊರಗೆ ಹೋದ. ಎಲ್ಲಿಗೆ ಅಂತ ಗೊತ್ತಿದ್ದರೂ ತಡೆಯಲು ಹೋಗಲಿಲ್ಲ. ಸಾಕಾಗಿದೆ.

ಆಗಸ್ಟ್ ೧, ಶನಿವಾರ

ಸೊಪ್ಪು ಸೇದುವ ಹುಡುಗರು ಮರಡಿಗುಡ್ಡದ ಹಿಂದೆ ಕೂರುತ್ತಾರೆ ಅಂತ ತಿಳಿದು ನಾನೇ ಹೋದೆ. ಬಿಸಿಲಿಗೆ ಬಂಡೆ ಕಾದಿತ್ತು. ನಾಲ್ಕೈದು ಜನ ಇದ್ದರು. ಹೆಂಗಸು ಬಂದಳು ಅಂತ ಉಳಿದವರು ಎದ್ದರು, ಇವನು ಏಳಲಿಲ್ಲ. ನನ್ನನ್ನು ನೋಡಿ ನಕ್ಕ. ನಗು ನಿಲ್ಲಲೇ ಇಲ್ಲ, ಕೊನೆಗೆ ಅಳುವಾಯಿತು.

ರಂಗನಾಯಕ ನಾನು ಅಂದುಕೊಂಡ ಹಾಗೆ ರಾಕ್ಷಸನಲ್ಲ. ಮೀಸೆ ಸರಿಯಾಗಿ ಬಾರದ ಹುಡುಗ. "ಅಕ್ಕಯ್ಯ, ನಾವೇನು ಕಟ್ಟಾಕಂಡಿಲ್ಲ. ಅವ್ನೇ ಬತ್ತಾನೆ. ನಾನೂ ಎಳೀತೀನಿ, ನಂಗೇನಾಗ್ಯದೆ ಹೇಳಿ" ಅಂದ. ಏನೂ ಆದ ಹಾಗೆ ಕಾಣಲಿಲ್ಲ. ಇವನಿಗೆ ಮಾತ್ರ ಯಾಕೆ ಹೀಗೆ?

ರಟ್ಟೆ ಹಿಡಿದು ಇಳಿಸಿಕೊಂಡು ಬಂದೆ. ಬೀದಿಯುದ್ದಕ್ಕೂ ಬಾಗಿಲುಗಳಲ್ಲಿ ಜನ. ಸೆರಗು ತಲೆ ಮೇಲೆ ಎಳೆದುಕೊಂಡು ನಡೆದೆ. ಇದೆಲ್ಲ ನನಗೆ ಬೇಕಿತ್ತೆ? ಶ್ರಾವಣ ಬೇಗ ಬರಲಿ.

ಆಗಸ್ಟ್ ೧೧, ಮಂಗಳವಾರ

ಶ್ರಾವಣ ಬಂತು. ಆ ಹುಡುಗ ಮಗ್ಗಕ್ಕೆ ಇಳಿಯುತ್ತಿಲ್ಲ.

ಬೆಳಿಗ್ಗೆ ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಮಗ್ಗದ ಗುಳಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ನೋಡುತ್ತಿದ್ದ. ಕಾಲು ಇಳಿಬಿಟ್ಟು ಹಲಗೆ ತುಳಿಯುವ ಗುಳಿ ಅದು, ಮೊಣಕಾಲುದ್ದ ಮಾತ್ರ.

"ಕೂತ್ಕೊ" ಅಂದೆ.

"ಒಳ್ಗೆ ಅವ್ರೆ."

"ಯಾರೋ?"

"ನಾನು ತುಳಿಯಾಕ್ಮುಂಚೆ ಅವ್ರು ತುಳೀತಾರೆ. ಹಲಗೆ ಕೆಳೀಕೋಯ್ತದೆ. ನೋಡು, ಈಗ್ಲೂ."

ನೋಡಿದೆ. ಹಲಗೆ ಅಲ್ಲಾಡುತ್ತಿರಲಿಲ್ಲ. ಆದರೆ ಅವನ ಹಣೆಯ ಮೇಲೆ ಬೆವರಿತ್ತು. ಯಾರು ಅಂತ ಮತ್ತೆ ಕೇಳಿದೆ. "ನಿಂಗೊತ್ತಿಲ್ವಾ? ಅಪ್ಪ" ಅಂದ.

ಅತ್ತೆ ಒಳಗಿನಿಂದಲೇ ಗೋಳಾಡತೊಡಗಿದರು. ಪುಟ್ಟಸಿದ್ದಯ್ಯನವರ ಹೆಂಡತಿ ಚನ್ನಾಜಮ್ಮ ಬಂದು, "ಇದು ಗಾಳಿ ಕಣಮ್ಮ. ಗಾಳಿ ಬುಡ್ಸೋ ಮಾರಯ್ಯನ್ನ ಕರುಸ್ರಿ" ಅಂದಳು. ಕರೆಸಿ ಅಂದೆ. ಯೋಚನೆ ಮಾಡುವ ತ್ರಾಣ ಇರಲಿಲ್ಲ.

ಆಗಸ್ಟ್ ೧೩, ಗುರುವಾರ

ಮಾರಯ್ಯ ಬಂದು ಹಜಾರದಲ್ಲಿ ರಂಗೋಲಿ ಹಾಕಿ ಅವನನ್ನು ಕೂರಿಸಿದ. ಮೆಣಸಿನಕಾಯಿ ಹೊಗೆ ಹಾಕಿದ. ಬೀದಿಗೆ ಬೀದಿಯೇ ಒಳಗಿತ್ತು. "ಬಾಯ್ಬುಡು, ಯಾರು ನೀನು?" ಅಂತ ಬೇವಿನ ಕೊಂಬೆಯಿಂದ ಬೆನ್ನಿಗೆ ಬಾರಿಸಿದ. ಹುಡುಗ ಕೆಮ್ಮುತ್ತಾ, "ನಾನು ಚೌಡೇಶ, ನಾನು ಚೌಡೇಶ" ಅನ್ನುತ್ತಿದ್ದ. ಅದನ್ನು ಕೇಳಿ ಮಾರಯ್ಯ ಇನ್ನೂ ಜೋರಾಗಿ ಹೊಡೆದ.

ನಾನು ಹೋಗಿ ಕೊಂಬೆ ಹಿಡಿದುಕೊಂಡೆ. ಯಾಕೆ ಹಿಡಿದೆನೋ. ಅಷ್ಟು ಜನದ ಮುಂದೆ, ಗಂಡ ಸತ್ತವಳು. "ಅವನು ಹೇಳ್ತಾವ್ನಲ್ಲ ಯಾರು ಅಂತ, ಇನ್ನೇನು ಕೇಳ್ತೀರಿ" ಅಂದೆನಂತೆ. ಅತ್ತೆ ಹೇಳಿದ್ದು, ನನಗೆ ನೆನಪಿಲ್ಲ.

ಬೆನ್ನಿಗೆ ಹರಳೆಣ್ಣೆ ಹಚ್ಚಿದೆ. ನಾನು ಅವನ ಬೆನ್ನು ಮುಟ್ಟಿದ್ದು ಇದೇ ಮೊದಲು ಇರಬೇಕು.

ಆಗಸ್ಟ್ ೧೬, ಭಾನುವಾರ

ಅಣ್ಣ ಗಾಡಿ ಮಾಡಿಕೊಂಡು ಬಂದ. ಹುಡುಗನಿಗೆ ಮೈ ಸರಿಯಿಲ್ಲ, ಗೌರಿ ಹಬ್ಬ ಕಳೆಯಲಿ ಅಂದೆ.

"ಅವನೇನು ನಿನ್ನ ಹೊಟ್ಟೇಲಿ ಹುಟ್ಟಿದೋನಾ?"

ಇಲ್ಲ ಅಂದೆ. ನಿಜ ತಾನೆ.

ಖಾಲಿ ಗಾಡಿ ಹೊಡೆದುಕೊಂಡು ಹೋದ. ಹೋಗುವಾಗ ತಿರುಗಿ ನೋಡಲಿಲ್ಲ.

ಆಗಸ್ಟ್ ೧೯, ಬುಧವಾರ

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಕೊಯಮತ್ತೂರಿನ ಕಡೆಯ ವಯಸ್ಸಾದ ಡಾಕ್ಟರು, ಅರ್ಧ ತಮಿಳು, ಅರ್ಧ ಕನ್ನಡ. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಬೆನ್ನಿನ ಮೇಲಿನ ಬರೆ ನೋಡಿದರು. "ಯಾರು ಅಡಿಚ್ಚಾರು, ಯಾರು ಹೊಡೆದದ್ದು?" ಅಂದರು. ನಾನು ಅವನ ಅಂಗಿ ಕೆಳಗೆಳೆದೆ. ಆಮೇಲೆ ಅವನನ್ನು ಹೊರಗೆ ಕೂರಿಸಿ ನನಗೆ ಹೇಳಿದರು.

"ಪೇಯ್ ಗೀಯ್, ದೆವ್ವ ಗಿವ್ವ ಒಂದೂ ಇಲ್ಲಮ್ಮಾ. ಅಪ್ಪ ಹೋದ, ಮನಸ್ಸು ಮುರಿದಿತ್ತು. ಅದರ ಮೇಲೆ ಈ ಸೊಪ್ಪು. ಹತ್ತು ಜನ ಸೇದಿದರೆ ಎಲ್ಲರಿಗೂ ಹೀಗಾಗಲ್ಲ. ಎಳೆ ತಲೆ, ಕೆಲವರದ್ದು ತಡೆಯಲ್ಲ. ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಮೊದಲು ಇನ್ನೂ ಜಾಸ್ತಿ ಆಗತ್ತೆ, ಭಯಪಡಬೇಡಿ. ಒಂಟಿಯಾಗಿ ಬಿಡಬೇಡಿ. ಹೊಡೀಬೇಡಿ."

"ಪೂರ್ತಿ ಸರಿ ಹೋಗ್ತಾನಾ ಸಾ?"

"ತುಂಬಾ ಜನ ಸರಿ ಹೋಗ್ತಾರೆ. ಎಲ್ಲರೂ ಅಂತ ಹೇಳಿದರೆ ಸುಳ್ಳಾಗತ್ತೆ." ನಿದ್ದೆಗೆ ಒಂದು ಶೀಶೆ ಔಷಧಿ ಕೊಟ್ಟರು.

ದಾರಿಯಲ್ಲಿ ಅವನು ಕೇಳಿದ್ದು ಒಂದೇ. "ನನ್ನ ಬೆಂಗಳೂರು ಹುಚ್ಚಾಸ್ಪತ್ರೆಗೆ ಕಳುಸ್ತೀರಾ?" ಇಲ್ಲ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಆಗಸ್ಟ್ ೨೭, ಗುರುವಾರ

ಡಾಕ್ಟರು ಹೇಳಿದ್ದು ಸರಿ. ಇನ್ನೂ ಜಾಸ್ತಿಯಾಗಿದೆ. ನೆರಳು ಕಂಡರೂ ಬೆಚ್ಚುತ್ತಾನೆ. ಹೊರಗೆ ಬಿಡು ಅಂತ ಬಾಗಿಲಿಗೆ ಬಂದವನನ್ನು ತಡೆದೆ. ತಳ್ಳಿದ. ಹೊಸ್ತಿಲ ಮೇಲೆ ಬಿದ್ದು ಮಣಿಕಟ್ಟು ಊದಿದೆ. ಬಿದ್ದವಳನ್ನು ನೋಡಿ ಅವನೇ ಮೂಲೆಗೆ ಹೋಗಿ ಮುಖ ಮುಚ್ಚಿಕೊಂಡು ಕೂತ.

ಮುದ್ದೆ ತಿರುವಲು ಆಗುತ್ತಿಲ್ಲ. ಅನ್ನ ಮಾಡಿದೆ.

ಸೆಪ್ಟೆಂಬರ್ ೪, ಶುಕ್ರವಾರ

ಇವತ್ತೂ ಅಷ್ಟೆ.

ಸೆಪ್ಟೆಂಬರ್ ೧೩, ಭಾನುವಾರ

ಎರಡು ದಿನದ್ದನ್ನು ಈಗ ಬರೆಯುತ್ತಿದ್ದೇನೆ.

ಶುಕ್ರವಾರ ಗೌರಿ ಹಬ್ಬ. ತವರಿನ ಬಾಗಿನ ಈ ವರ್ಷ ಬರುವ ಹಾಗಿಲ್ಲ, ಬರಲೂ ಇಲ್ಲ. ಬೀದಿಯ ಹೆಂಗಸರು ಬಾಗಿನ ಹಿಡಿದು ಓಡಾಡುತ್ತಿದ್ದರು. ನಾನು ಅವರ ಎದುರಿಗೆ ಬೀಳಬಾರದು ಅಂತ ಅಡುಗೆ ಮನೆಯಲ್ಲಿ ಕೂತಿದ್ದೆ. ಆ ಹೊತ್ತಿನಲ್ಲಿ ಚೌಡೇಶ ಎದ್ದು ಹೋಗಿದ್ದಾನೆ. ಗುಡ್ಡದ ಹಿಂದೆ ಇರಲಿಲ್ಲ. ರಂಗನಾಯಕನೂ ಗಾಬರಿಯಾಗಿ ಗಾಡಿ ಕಟ್ಟಿಕೊಂಡು ಹುಡುಕಲು ಹೋದ. ಪಾಪ, ಅವನನ್ನು ಎಷ್ಟು ಶಪಿಸಿದ್ದೆ.

ಶನಿವಾರ ಬೆಳಿಗ್ಗೆ ಸತ್ತೇಗಾಲದ ಬಸ್ಸಿನವನು ಸುದ್ದಿ ತಂದ. ಅಲ್ಲಿ ಒಬ್ಬ ರೈತರ ಮನೆಯಲ್ಲಿ ನಿಮ್ಮ ಬೀದಿಯ ಹುಡುಗ ಇದ್ದಾನೆ, ಯಾರಾದರೂ ಬನ್ನಿ ಅಂದರಂತೆ. ಅದೇ ಬಸ್ಸಿಗೆ ಹತ್ತಿದೆ.

ನಿಂಗಯ್ಯ ಅಂತ ರೈತರ ಹೆಸರು. ಗದ್ದೆಯ ಬದುವಿನ ಮೇಲೆ ನಿಂತೇ ಹೇಳಿದರು. "ಒಳೆ ನೀರೊಳ್ಗೆ ಸೊಂಟದ ಮಟ ನಿಂತಿದ್ದ ಕಣವ್ವ. ಮೀನು ಹಿಡೀತಾವ್ನೆ ಅಂದ್ಕಂಡೆ. ಎಷ್ಟೊತ್ತಾದ್ರೂ ಅಲ್ಲಾಡ್ನಿಲ್ಲ. ಕಾವೇರಿ ತುಂಬಿ ಓಯ್ತಾವ್ಳೆ, ಇನ್ನೊಂದೆಜ್ಜೆ ಇಟ್ಟಿದ್ರೆ ಮುಗೀತಿತ್ತು. ರಟ್ಟೆ ಹಿಡ್ಕಂಡು ಎಳ್ಕಬಂದೆ. ಮನೇಗೋದ್ಮೇಲೆ ಬೈಬ್ಯಾಡ, ಆಯ್ತಾ?" ಅವರ ಹೆಂಡತಿ ಗುರುಸಿದ್ದಮ್ಮ ಒಣಗಿದ ಪಂಚೆ ಉಡಿಸಿ, ಹುರುಳಿ ಸಾರಲ್ಲಿ ಅನ್ನ ಕಲಸಿ ತಿನ್ನಿಸಿದ್ದರು. ಯಾರ ಮಗನೋ ಏನೋ ಅಂತ ಕೇಳಿರಲಿಲ್ಲ.

ವಾಪಸು ಬರುವ ಬಸ್ಸಿಗೆ ಹೊತ್ತಿತ್ತು. ತೆಂಗಿನ ಮರದ ಕೆಳಗೆ ಇಬ್ಬರೂ ಕೂತೆವು. ಬೈಯಲಿಲ್ಲ. ನೇರವಾಗಿ ಕೇಳಿದೆ.

"ಸಾಯಕ್ಕೆ ಹೋಗಿದ್ಯಾ ಚೌಡೇಶ?"

"ಗೊತ್ತಿಲ್ಲ." ಪಂಚೆಯ ಅಂಚು ಸುರುಳಿ ಸುತ್ತುತ್ತಾ, "ನೀರಿನ ಸದ್ದು ದೊಡ್ಡದಾಗಿತ್ತು. ಬ್ಯಾರೆ ಏನೂ ಕೇಳುಸ್ತಿರ್ನಿಲ್ಲ. ಅದ್ಕೆ ನಿಂತ್ಕಂಡೆ" ಅಂದ.

ಆಮೇಲೆ ತಾನಾಗಿಯೇ ಹೇಳಿದ. ಅಪ್ಪ ಸಾಯುವ ಹೊತ್ತಿನಲ್ಲಿ ಇವನ ಹೆಸರು ಹಿಡಿದು ಕೂಗಿದರಂತೆ. ಕೂಗಿ ಕೂಗಿ ಪ್ರಾಣ ಬಿಟ್ಟರಂತೆ. ಇವನು ಹಜಾರದಲ್ಲಿ ನೇಯುತ್ತಿದ್ದ. ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ.

"ಯಾರು ಹೇಳಿದ್ದು?"

"ಅಜ್ಜಿ. ಅವತ್ತು ಎಲ್ರ ಮುಂದೂ ಅಂದ್ಲಲ್ಲ."

ನಾನೂ ಆ ದಿನ ಮನೆಯಲ್ಲೇ ಇದ್ದೆ. ಹಿತ್ತಲಲ್ಲಿ ನೀರು ಸೇದುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಉಸಿರು ನಿಂತಿತ್ತು. "ನಂಗೂ ಏನೂ ಕೇಳಿಸಲಿಲ್ಲ ಕಣೋ" ಅಂದೆ.

ಅವನು ನನ್ನ ಮುಖ ನೋಡಿದ. "ನಿಂಗೂ ಕೇಳುಸ್ನಿಲ್ವಾ?"

"ಇಲ್ಲ."

ಬಸ್ಸು ಬಂತು, ಹತ್ತಿದೆವು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವರು ಮೊದಲು ಅರ್ಥವಾಗದೆ ಕಣ್ಣು ಪಿಳಿಪಿಳಿ ಮಾಡಿದರು. "ಕೂಗಿದ್ನಾ? ನಂಗೇನು ಗೊತ್ತವ್ವಾ, ನಾನು ಮಲಗಿದ್ದೆ. ಎಣದ ಮುಂದೆ ಅಳೋವಾಗ ಅಂಗಂತಾರೆ ಕಣೆ. ಮಗನೇ ಮಗನೇ ಅಂತ ಕೂಗಿ ಓದ್ಯಲ್ಲೋ ಅಂತ. ನಮ್ಮವ್ವನೂ ಅಂಗೇ ಅಂದು ಅತ್ತಿದ್ಲು, ನಾನೂ ಅಂದೆ. ಅದನ್ನ ಈ ಮಗ ಎದೇಲಿಟ್ಕಂಡು ಕೂತದಾ?" ಹಣೆ ಚಚ್ಚಿಕೊಂಡು, ತಡವರಿಸುತ್ತಾ ಹೋಗಿ ಅವನ ಮುಖವನ್ನೆಲ್ಲ ಕೈಯಲ್ಲಿ ಸವರಿದರು.

ಅವನು ಅಜ್ಜಿಯ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಆಮೇಲೆ ನನ್ನ ಹತ್ತಿರ ಬಂದು, "ಅಂದ್ರೂ ಕೂಗಿರಬೌದಲ್ವಾ?" ಅಂದ.

ಇರಬಹುದು ಅಂದೆ. ಇಲ್ಲ ಅನ್ನಲು ನನಗೇನು ಗೊತ್ತು.

ಅಕ್ಟೋಬರ್ ೫, ಸೋಮವಾರ

ಮಗ್ಗದ ಮೇಲೆ ಹಾಸಿನ ನೂಲು ಹಾಗೇ ಇದೆ, ಧೂಳು ಹಿಡಿಯುತ್ತಿದೆ. ಪುಟ್ಟಸಿದ್ದಯ್ಯನವರು ಬೈದುಕೊಂಡು ಹೋದರು. ಚೌಡೇಶ ಇನ್ನೂ ಗುಳಿಯ ಹತ್ತಿರ ಹೋಗುತ್ತಿಲ್ಲ. ಸರಿ, ನಾನೇ ಕಾಲು ಇಳಿಬಿಟ್ಟು ಕೂತೆ. ಹೆಂಗಸರು ಕಂಡಿಕೆ ಸುತ್ತುವವರು, ಮಗ್ಗಕ್ಕೆ ಕೂರುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಒಳಗೆ ತಣ್ಣಗಿತ್ತು. ಹಲಗೆ ತುಳಿದೆ, ಲಾಳಿ ಎಸೆದೆ. ಅದು ಹಾರಿ ಅತ್ತೆಯ ಮಡಿಲಿಗೆ ಬಿತ್ತು.

ಚೌಡೇಶ ನಕ್ಕ. ಗುಡ್ಡದ ಮೇಲಿನ ನಗು ಅಲ್ಲ. "ಅಂಗಲ್ಲ ಚಿಕ್ಕವ್ವ, ಎಡಗಾಲು ಮೊದ್ಲು" ಅಂತ ದೂರದಿಂದಲೇ ಹೇಳಿದ. ಸ್ವಲ್ಪ ಹೊತ್ತಿಗೆ ಹತ್ತಿರ ಬಂದು ನಿಂತು ಹೇಳಿದ. ಸಂಜೆಗೆ ಪಕ್ಕದಲ್ಲಿ ಮಂಡಿಯೂರಿ ನನ್ನ ಕೈ ತಿದ್ದುತ್ತಿದ್ದ.

"ಒಳ್ಗೆ ಏನಾದ್ರೂ ಅದಾ?" ಅಂತ ಕೇಳಿದ.

"ನನ್ನ ಕಾಲದೆ. ಜೋಮು ಹಿಡಿದದೆ" ಅಂದೆ.

ನೇಯ್ದದ್ದು ನಾಲ್ಕು ಬೆರಳು. ಅದನ್ನೂ ಬಿಚ್ಚಬೇಕು.

ಅಕ್ಟೋಬರ್ ೧೯, ಸೋಮವಾರ

ನಿನ್ನೆ ವಿಜಯದಶಮಿಗೆ ಅಣ್ಣ ಬಂದಿದ್ದ. ಊಟಕ್ಕೆ ಹೋಳಿಗೆ ಮಾಡಿದ್ದೆ. ಮಾತಿನ ನಡುವೆ ನಮ್ಮ ಚೌಡೇಶನಿಗೆ ಜರಿ ಅಂಚಿನ ಕೆಲಸ ಎಷ್ಟು ಚೆನ್ನಾಗಿ ಬರುತ್ತದೆ, ನನಗೆ ಹೇಗೆ ಬೈದು ಕಲಿಸುತ್ತಾನೆ ಅಂತೆಲ್ಲ ಹೇಳಿದೆ. ಅಣ್ಣ ಬಹಳ ಹೊತ್ತು ಕೇಳಿಸಿಕೊಂಡ. "ಆಯ್ತು ಬುಡು ಮಾದೇವಿ" ಅಂದು ಎದ್ದ. ಏನು ಆಯ್ತು ಅಂದನೋ, ಕೇಳಬೇಕೆನ್ನುವಷ್ಟರಲ್ಲಿ ಹಾಲು ಉಕ್ಕಿತು.

ನವೆಂಬರ್ ೧೫, ಭಾನುವಾರ

ಮತ್ತೆ ಎಳೆದುಬಿಟ್ಟ.

ದೀಪಾವಳಿ ಆದ ಮೇಲೆ ಚೆನ್ನಾಗಿಯೇ ಇದ್ದ. ಗುಳಿಯಲ್ಲಿ ಒಂದೊಂದು ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರುವಷ್ಟಾಗಿದ್ದ. ಇವತ್ತು ಮಧ್ಯಾಹ್ನ ಬಂದು ಬಾಗಿಲಲ್ಲೇ ನಿಂತ. ನನಗೆ ಕಣ್ಣು ನೋಡಿದರೇ ಗೊತ್ತಾಯಿತು, ಆದರೂ ಅವನೇ ಹೇಳಿದ.

"ರಂಗನಾಯಕ ಬ್ಯಾಡ ಕಣ್ಲಾ ಅಂದ. ನಾನೇ ಕಿತ್ಕಂಡು ಎಳುದ್ಬುಟ್ಟೆ. ಮತ್ತೆ ಸದ್ದು ಬತ್ತಾದೆ."

ನಾನು ಅಕ್ಕಿ ಆರಿಸುತ್ತಿದ್ದೆ. ಇಷ್ಟು ದಿನದ್ದೆಲ್ಲ ನೀರಿಗೆ ಹೋಯಿತೆ?

"ಬೈಯ್ಯಾಕಿಲ್ವಾ?" ಅಂದ.

"ಬೈಯ್ಯಕ್ಕೆ ಶಕ್ತಿ ಇಲ್ಲ ಕಣೋ. ಒಳಗೆ ಬಾ. ಬಾಗಿಲಲ್ಲಿ ನಿಂತ್ಕೊಂಡ್ರೆ ಸದ್ದು ಕಡಿಮೆಯಾಗ್ತದಾ?"

ಬಂದು ನನ್ನ ಪಕ್ಕ ಕೂತ. ಮೊರದ ಇನ್ನೊಂದು ತುದಿ ಅವನ ಮಡಿಲಿಗೆ ಎಳೆದೆ. ಇಬ್ಬರೂ ಕಲ್ಲು ಆರಿಸಿದೆವು. ಅವನು ಅಕ್ಕಿಯನ್ನೂ ಎಸೆಯುತ್ತಿದ್ದ. ಎಸೆಯಲಿ ಅಂತ ಬಿಟ್ಟೆ. ಸದ್ದು ಹೇಗಿದೆ ಅಂತ ಆಗಾಗ ಕೇಳುತ್ತಿದ್ದೆ. ಅದೆ, ಅದೆ ಅನ್ನುತ್ತಿದ್ದವನು ಹೊತ್ತು ಇಳಿದ ಮೇಲೆ ವಸಿ ದೂರ ಹೋಗಿದೆ ಅಂದ.

ಚನ್ನಾಜಮ್ಮ ಬೇಲಿ ಆಚೆಯಿಂದ ಏನೋ ಕೇಳಿದಳು. ಏನು ಕೇಳಿದಳೋ, ನಾನು ಗಮನ ಕೊಡಲಿಲ್ಲ.

ಡಿಸೆಂಬರ್ ೮, ಮಂಗಳವಾರ

ಚಳಿ. ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿದ್ದೆವು. ಹಳೇ ಡಾಕ್ಟರಿಗೆ ಈರೋಡಿಗೆ ವರ್ಗವಾಯಿತಂತೆ. ಬೇಜಾರಾಯಿತು. ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಲ್ಲ ಅಂತ ದಾರಿಯಲ್ಲೇ ಆಯಾಸ. ಜನವೋ ಜನ. ಬೆಂಚಿನ ತುದಿಯಲ್ಲಿ ಇಬ್ಬರಿಗೂ ಸಾಲದಷ್ಟು ಜಾಗ ಸಿಕ್ಕಿತು.

ಕಾಂಪೌಂಡರು ಹೆಸರು ಕೇಳುತ್ತಾ ಬಂದು, "ತಮ್ಮನೇನಮ್ಮ?" ಅಂದ.

"ನನ್ನ ಮಗ."

ಅವನು ನನ್ನನ್ನೊಮ್ಮೆ, ಮೀಸೆ ಮೂಡುತ್ತಿರುವ ಇವನನ್ನೊಮ್ಮೆ ನೋಡಿದ. ಇಂಥ ಲೆಕ್ಕ ಎಲ್ಲ ಕಾಂಪೌಂಡರಿಗ್ಯಾಕೆ, ಬೇಗ ಒಳಗೆ ಬಿಟ್ಟರೆ ಸಾಕಪ್ಪ ಅನ್ನಿಸಿತು. ಮನೆಯಲ್ಲಿ ಅತ್ತೆ ಒಬ್ಬರೇ, ಒಲೆ ಹಚ್ಚಲು ಹೋಗಿ ಸುಟ್ಟುಕೊಂಡರೆ ಕಷ್ಟ.

ಹೊತ್ತಾಯಿತು. ಬಿಸಿಲು ಕಿಟಕಿಯಿಂದ ಇಳಿದು ನಮ್ಮ ಕಾಲ ಮೇಲೆ ಬಂತು. ಚೌಡೇಶ ಮೊದಲು ತೂಕಡಿಸಿದ, ಆಮೇಲೆ ತಲೆ ನನ್ನ ಭುಜದ ಮೇಲೆ ಬಿತ್ತು. ಭಾರ. ಬಾಯಿ ಅರ್ಧ ತೆರೆದಿತ್ತು. ಆ ಗಲಾಟೆಯಲ್ಲಿ, ಮಕ್ಕಳ ಅಳುವಿನಲ್ಲಿ, ಔಷಧಿಯ ಘಾಟಿನಲ್ಲಿ ನಿದ್ದೆ ಮಾಡುತ್ತಿದ್ದ.

ನಮ್ಮ ಹೆಸರು ಕೂಗಿದರು. ತೋಳು ಜೋಮು ಹಿಡಿದಿತ್ತು. ಅಲ್ಲಾಡಲಿಲ್ಲ. ಪಕ್ಕದಲ್ಲಿದ್ದ ಶಾಗ್ಯ ಊರಿನ ಹೆಂಗಸಿಗೆ, ನೀವು ಹೋಗಿ ಬನ್ನಿ ಅಂತ ಕೈಸನ್ನೆ ಮಾಡಿದೆ.